ಹಳೆಯ ಗಣಕಭಾಗಗಳ ವಿಕ್ರಯವೂ ಮಾರುವವನ ಎಚ್ಚರವೂ

ದನದ ಜಾತ್ರೆಯಲ್ಲಿ ಎತ್ತನ್ನು ಕೊಳ್ಳುವ ರೈತನು ಮೊದಲು ಅದರ ಬಾಯಿ ತೆರೆದು ಹಲ್ಲು ನೋಡುತ್ತಾನೆ. ಬಳಿಕ ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಗೊತ್ತಾಗಿ, ಹಣವನ್ನು ಎಣಿಸಿಕೊಂಡ ಮೇಲೆಯೇ ಹಗ್ಗವು ಕೈ ಬದಲಾಗುತ್ತದೆ. ಅಂತಹ ವ್ಯಾಪಾರದಲ್ಲಿ ಮೋಸವೇ ಇಲ್ಲವೆಂದು ಯಾರೂ ಹೇಳಲಾರರು. ಆದರೆ ವಸ್ತು, ಹಣ, ಕೊಡುವವನು, ಕೊಳ್ಳುವವನು ಈ ನಾಲ್ಕೂ ಒಂದೇ ಸ್ಥಳದಲ್ಲಿ ಒಂದೇ ಹೊತ್ತಿನಲ್ಲಿ ಇರುವುದರಿಂದ ಮೋಸಕ್ಕೆ ಒಂದು ಎಲ್ಲೆಯಿರುತ್ತದೆ. ಅಂತರ್ಜಾಲದ ಮೂಲಕ ನಡೆಯುವ ವ್ಯಾಪಾರದಲ್ಲಿ ಈ ನಾಲ್ಕೂ ಬೇರೆಬೇರೆಯಾಗಿವೆ. ಇಂದಿನ ವಂಚನೆಗಳೆಲ್ಲ ಈ ಬಿರುಕಿನಲ್ಲಿಯೇ ಮೊಳೆಯುತ್ತಿವೆ.

ಗಣಕದ ಹಳೆಯ ಬಿಡಿಭಾಗಗಳನ್ನು ಕುರಿತು ಇಲ್ಲಿ ವಿಶೇಷವಾಗಿ ಬರೆಯಲು ಕಾರಣವುಂಟು. ಗಣಕವೆಂಬುದು ಬಿಡಿಸಿ ಜೋಡಿಸಬಹುದಾದ ಯಂತ್ರ. ಒಬ್ಬನಿಗೆ ಸಾಲದೆಂದು ತೆಗೆದಿಟ್ಟ ಪ್ರೊಸೆಸರು ಇನ್ನೊಬ್ಬನ ಓದಿಗೆ ಐದಾರು ವರ್ಷ ಸಾಕಾಗಬಹುದು. 2025ರ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಮತ್ತೆಯ ದತ್ತಕೇಂದ್ರಗಳ ಬೇಡಿಕೆಯಿಂದಾಗಿ, ರ್‍ಯಾಮ್ ಬೆಲೆಯು ತೀವ್ರವಾಗಿ ಏರಿದುದನ್ನು ವಾಚಕರು ಬಲ್ಲರು. ಹೀಗಿರಲು, ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯ ಅಂಗಡಿಸಾಲಿಗೆ ಬರಲಾರದ ದೂರದ ಊರಿನ ವಿದ್ಯಾರ್ಥಿಗೆ ಅಂತರ್ಜಾಲದ ಹಳೆ ಸಾಮಾನಿನ ಪೇಟೆಯು ದೊಡ್ಡ ಆಸರೆ. ಮೋಸಕ್ಕೆ ಹೆದರಿ ಜನರು ಮಾರುವುದನ್ನೇ ಬಿಟ್ಟರೆ, ಒಳ್ಳೆಯ ವಸ್ತುಗಳು ಅಟ್ಟದ ಮೇಲೆ ಧೂಳು ಹಿಡಿದು ಕೊನೆಗೆ ಗುಜರಿಯ ಪಾಲಾಗುತ್ತವೆ. ಆದುದರಿಂದ 'ಮಾರಲೇ ಬೇಡಿ' ಎಂಬ ಬುದ್ಧಿವಾದವನ್ನು ನಾವು ಒಪ್ಪುವುದಿಲ್ಲ. ತಿಳಿದು ಮಾರಿರಿ ಎಂಬುದೇ ನಮ್ಮ ಅಭಿಪ್ರಾಯ.

ಮಾರುವವನು ಹಣ ಪಡೆಯುವವನು, ಅವನಿಗೆ ಮೋಸವಾಗುವುದು ಹೇಗೆ ಎಂದು ಕೆಲವರು ಕೇಳಬಹುದು. ನಮ್ಮ ದೇಶದಲ್ಲಿ ಯು.ಪಿ.ಐ. ಪಾವತಿಯ ಪದ್ಧತಿಯು 2016ರಲ್ಲಿ ಬಂದಿತು. ಅದರ ಒಂದು ಮೂಲನಿಯಮವನ್ನು ಕಂಠಪಾಠ ಮಾಡಿದರೆ ಅರ್ಧ ಅಪಾಯ ಕಳೆದಂತೆ. ಗುಪ್ತಸಂಖ್ಯೆಯನ್ನು ಒತ್ತುವುದು ನಮ್ಮ ಖಾತೆಯಿಂದ ಹಣ ಕಳುಹಿಸುವುದಕ್ಕೆ. ಹಣ ಪಡೆಯುವುದಕ್ಕೆ ಯಾವ ಗುಪ್ತಸಂಖ್ಯೆಯೂ ಬೇಡ. ಕ್ಯೂ.ಆರ್. ಚೌಕದ ಕಪ್ಪುಬಿಳಿ ಚುಕ್ಕೆಗಳಲ್ಲಿ ಅಡಗಿರುವುದು ಹಣ ಸೇರಬೇಕಾದವರ ವಿಳಾಸ, ಕೆಲವೊಮ್ಮೆ ಮೊತ್ತ, ಇಷ್ಟೇ. ಅದಕ್ಕೆ ಕ್ಯಾಮರಾ ಹಿಡಿದವನು ಹಣ ಕೊಡುವವನಾಗುತ್ತಾನೆ. ಆದರೂ ವಂಚಕನು 'ಈ ಚೌಕವನ್ನು ಸ್ಕ್ಯಾನ್ ಮಾಡಿ ಗುಪ್ತಸಂಖ್ಯೆ ಒತ್ತಿರಿ, ನಿಮ್ಮ ಹಣ ಬರುತ್ತದೆ' ಎನ್ನುತ್ತಾನೆ. ತಾನು ಸೇನೆಯವನು, ಬೇರೆ ಊರಿಗೆ ವರ್ಗವಾಗಿದೆ, ವಸ್ತುವನ್ನು ನೋಡಲು ಬರಲಾರೆ ಎಂದು ಹೇಳಿ ಗುರುತಿನ ಚೀಟಿಯ ಚಿತ್ರವನ್ನೂ ಕಳುಹಿಸುತ್ತಾನೆ. ಸೈನಿಕರ ಬಗ್ಗೆ ನಮ್ಮ ಜನರಲ್ಲಿರುವ ಗೌರವವೇ ಇಲ್ಲಿ ಬಂಡವಾಳ.

ಬೇರೊಬ್ಬರಿಂದ ಹಣ ಕೇಳುವ ಕೋರಿಕೆಯನ್ನು ಅವರ ಪರದೆಗೆ ಕಳುಹಿಸುವ ಸೌಲಭ್ಯವೊಂದು ಯು.ಪಿ.ಐ.ಯಲ್ಲಿ ಮೊದಲಿತ್ತು. ವಂಚಕರು ಅದನ್ನು ಧಾರಾಳವಾಗಿ ಬಳಸಿಕೊಂಡರು. ವ್ಯಕ್ತಿಯಿಂದ ವ್ಯಕ್ತಿಗೆ ಇಂತಹ ಕೋರಿಕೆ ಕಳುಹಿಸುವುದನ್ನು ರಾಷ್ಟ್ರೀಯ ಪಾವತಿ ನಿಗಮವು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ಇದು ಸ್ವಾಗತಾರ್ಹವಾದ ಕ್ರಮ. ಪ್ರಜೆಗಳಿಗೆ 'ಎಚ್ಚರವಿರಲಿ' ಎಂದು ಸಾರುವುದಕ್ಕಿಂತ ಅಪಾಯದ ಬಾಗಿಲನ್ನೇ ಮುಚ್ಚುವುದು ಮೇಲು. ಈ ಮಾರ್ಗದಲ್ಲಿ ಇನ್ನೊಂದು ಹೆಜ್ಜೆ ಇಡಬೇಕೆಂದು ನಾವು ಬಯಸುತ್ತೇವೆ. ಗುಪ್ತಸಂಖ್ಯೆ ಕೇಳುವ ಪ್ರತಿಯೊಂದು ಪರದೆಯ ಮೇಲೂ 'ನಿಮ್ಮ ಖಾತೆಯಿಂದ ಇಷ್ಟು ಹಣ ಹೊರಗೆ ಹೋಗುತ್ತದೆ' ಎಂಬ ಮಾತು, ಬಳಸುವವನ ಭಾಷೆಯಲ್ಲಿ, ದೊಡ್ಡ ಅಕ್ಷರಗಳಲ್ಲಿ ಕಾಣಬೇಕು. ಮೋಸಹೋದವನನ್ನು ಆಸೆಬುರುಕನೆಂದು ಹಳಿಯುವುದು ನಮ್ಮಲ್ಲಿ ವಾಡಿಕೆ. ಹಳೆಯ ವಸ್ತುವನ್ನು ನ್ಯಾಯವಾದ ಬೆಲೆಗೆ ಮಾರಹೊರಟವನಲ್ಲಿ ಯಾವ ದುರಾಸೆಯಿದೆ? ಅವನಿಗೆ ಅರ್ಥವಾಗದ ಪರದೆಯನ್ನು ರಚಿಸಿದವರಿಗೂ ಹೊಣೆಯಲ್ಲಿ ಪಾಲಿಲ್ಲವೇ?

ಇನ್ನೆರಡು ತಂತ್ರಗಳನ್ನೂ ಹೇಳಬೇಕು. ಹಣ ಸಂದಾಯವಾದಂತೆ ತೋರಿಸುವ ಕೃತಕ ಚಿತ್ರವನ್ನು ಸೃಷ್ಟಿಸುವುದು ಕ್ಷಣದ ಕೆಲಸ. ಬ್ಯಾಂಕಿನ ಸಂದೇಶದ ಧಾಟಿಯಲ್ಲಿಯೇ, ಆದರೆ ಸಾಮಾನ್ಯ ಮೊಬೈಲ್ ಸಂಖ್ಯೆಯಿಂದ, '20,000 ರೂಪಾಯಿ ಜಮಾ ಆಗಿದೆ' ಎಂದು ಬರೆದು ಕಳುಹಿಸಿ, 'ಒಂದು ಸೊನ್ನೆ ಹೆಚ್ಚಾಯಿತು, 18,000 ಹಿಂದಿರುಗಿಸಿ' ಎಂದು ಗೋಗರೆಯುವುದು ಮತ್ತೊಂದು ಬಗೆ. ಚಿತ್ರವನ್ನೂ ಸಂದೇಶವನ್ನೂ ನಂಬದೆ, ಸ್ವಂತ ಖಾತೆಯನ್ನು ತೆರೆದು ಶಿಲ್ಕನ್ನು ನೋಡಿಕೊಳ್ಳುವುದೊಂದೇ ಇವೆರಡಕ್ಕೂ ಮದ್ದು. ಸಾಧ್ಯವಾದೆಡೆ ಹಗಲು ಹೊತ್ತಿನಲ್ಲಿ, ಜನಸಂಚಾರವಿರುವ ಸ್ಥಳದಲ್ಲಿ, ಮುಖಾಮುಖಿಯಾಗಿ ವಸ್ತುವನ್ನು ಕೊಟ್ಟು ಹಣ ಪಡೆಯುವುದು ಎಲ್ಲಕ್ಕಿಂತ ಉತ್ತಮ.

ಹಣಕ್ಕಿಂತ ಬೆಲೆಯುಳ್ಳ ವಸ್ತುವೊಂದನ್ನು ಮಾರುವವನು ಅರಿಯದೆ ಕೊಟ್ಟುಬಿಡುವುದುಂಟು. ಅದೇ ಹಾರ್ಡ್ ಡಿಸ್ಕಿನಲ್ಲಿ ಉಳಿದ ಮಾಹಿತಿ. ಕಡತವನ್ನು ಅಳಿಸಿದೆವೆಂದು ನಾವು ತಿಳಿಯುವಾಗ ಗಣಕವು ಪುಸ್ತಕದ ಪರಿವಿಡಿಯಿಂದ ಒಂದು ಸಾಲನ್ನು ಹೊಡೆದುಹಾಕಿರುತ್ತದೆ, ಅಷ್ಟೆ. ಪುಟಗಳು ಇದ್ದಲ್ಲಿಯೇ ಇರುತ್ತವೆ. ಸಾಮಾನ್ಯವಾಗಿ ಮಾಡುವ ತ್ವರಿತ ಫಾರ್ಮ್ಯಾಟ್ ಕೂಡ ಹೊಸ ಪರಿವಿಡಿಯನ್ನು ಬರೆಯುವುದಲ್ಲದೆ ಹೆಚ್ಚೇನನ್ನೂ ಮಾಡದು. ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿದ್ದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ ಎಂಬಿಬ್ಬರು 158 ಹಳೆಯ ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ 2003ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕೆಲಸ ಮಾಡುತ್ತಿದ್ದ 129 ಡಿಸ್ಕುಗಳಲ್ಲಿ ಸರಿಯಾಗಿ ಒರಸಿದ್ದವು 12 ಮಾತ್ರ. ಉಳಿದವುಗಳಲ್ಲಿ ಕ್ರೆಡಿಟ್ ಕಾರ್ಡ್ ಸಂಖ್ಯೆಗಳು, ವೈದ್ಯಕೀಯ ವಿವರಗಳು, ಖಾಸಗಿ ಪತ್ರಗಳು ಸಿಕ್ಕಿದವು.

ಕಾಂತೀಯ ತಟ್ಟೆಯ ಹಾರ್ಡ್ ಡಿಸ್ಕಾದರೆ ಅದರ ಉದ್ದಗಲಕ್ಕೂ ಒಮ್ಮೆ ಸೊನ್ನೆಗಳನ್ನು ಬರೆದರೆ ಸಾಕು. 1996ರಲ್ಲಿ ಪೀಟರ್ ಗುಟ್‌ಮನ್ ವಿವರಿಸಿದ 35 ಸುತ್ತಿನ ಒರಸುವಿಕೆಯನ್ನು ಇಂದಿಗೂ ಕೆಲವರು ಮಂತ್ರದಂತೆ ಜಪಿಸುತ್ತಾರೆ. ಅದು ಆ ಕಾಲದ ಮತ್ತು ಅದಕ್ಕೂ ಹಿಂದಿನ ಬಗೆಬಗೆಯ ಡಿಸ್ಕುಗಳಿಗಾಗಿ ಯೋಜಿಸಿದ್ದು. ಈಗಿನ ಡಿಸ್ಕುಗಳಿಗೆ ಅಗತ್ಯವಿಲ್ಲ. ಎಸ್.ಎಸ್.ಡಿ.ಯ ಸ್ವಭಾವ ಬೇರೆ. ಅದರ ಸ್ಮೃತಿಕೋಶಗಳು ಬರೆದಷ್ಟೂ ಸವೆಯುವುದರಿಂದ, ಸವೆತವನ್ನು ಸಮನಾಗಿ ಹಂಚಲು ಒಳಗಿನ ನಿಯಂತ್ರಕವು ಹೊಸ ಬರವಣಿಗೆಯನ್ನು ಬೇರೆ ಬೇರೆ ಕೋಶಗಳಿಗೆ ಕಳುಹಿಸುತ್ತದೆ. ನಾವು ಮೇಲೆ ಬರೆದೆವೆಂದುಕೊಂಡ ಹಳೆಯ ಅಕ್ಷರಗಳು ಮೂಲೆಯಲ್ಲಿ ಉಳಿದಿರಬಹುದು. ಆದುದರಿಂದ ಅದಕ್ಕೆ ತಯಾರಕರೇ ಒಳಗೆ ಇಟ್ಟಿರುವ 'ಸೆಕ್ಯೂರ್ ಇರೇಸ್' ಆಜ್ಞೆಯನ್ನು ಬಳಸಬೇಕು. ಮೊದಲ ದಿನದಿಂದಲೇ ಡಿಸ್ಕನ್ನು ಗೂಢಲಿಪಿಯಲ್ಲಿ ಇಟ್ಟಿದ್ದರೆ ಅದರ ಕೀಲಿಯನ್ನು ನಾಶಮಾಡುವುದೇ ಮಾಹಿತಿಯನ್ನು ನಾಶಮಾಡಿದಂತೆ. ಕೆಟ್ಟು ನಿಂತ, ಒರಸಲಾಗದ ಡಿಸ್ಕನ್ನು ಯಾವ ಬೆಲೆಗೂ ಮಾರಬಾರದು.

ಇನ್ನು ಮಾರುವವನ ಧರ್ಮವನ್ನು ಕುರಿತು ಎರಡು ಮಾತು. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಪೇಟೆಯನ್ನು ಉದಾಹರಿಸಿ ಒಂದು ತತ್ವವನ್ನು ಪ್ರತಿಪಾದಿಸಿದರು. ಮುಂದೆ 2001ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ಸಂದಿತು. ಒಳ್ಳೆಯ ವಸ್ತು ಯಾವುದು, ಕೆಟ್ಟದ್ದು ಯಾವುದು ಎಂಬುದು ಮಾರುವವನಿಗೆ ಮಾತ್ರ ತಿಳಿದು ಕೊಳ್ಳುವವನಿಗೆ ತಿಳಿಯದಿದ್ದರೆ, ಕೊಳ್ಳುವವನು ಎಲ್ಲದಕ್ಕೂ ನಡುವಣ ಬೆಲೆಯನ್ನೇ ಕೊಡಲು ಸಿದ್ಧನಾಗುತ್ತಾನೆ. ಆ ಬೆಲೆಗೆ ಒಳ್ಳೆಯ ವಸ್ತುವಿನ ಒಡೆಯನು ಮಾರಲೊಲ್ಲನು. ಅವನು ಹಿಂಜರಿದಂತೆಲ್ಲ ಪೇಟೆಯಲ್ಲಿ ಕೆಟ್ಟದ್ದೇ ಹೆಚ್ಚಿ ಬೆಲೆ ಮತ್ತೂ ಕುಸಿಯುತ್ತದೆ. 'ವ್ಯಾಪಾರಂ ದ್ರೋಹಚಿಂತನಂ' ಎಂಬ ಗಾದೆ ನಿಜವಾಗುವುದು ಹೀಗೆ. ಪ್ರಾಮಾಣಿಕನು ತನ್ನ ವಸ್ತುವಿನ ಗುಣವನ್ನು ಪರೀಕ್ಷೆಗೆ ಒಡ್ಡುವುದೇ ಇದಕ್ಕೆ ಪರಿಹಾರ.

ಎತ್ತಿಗೆ ಹಲ್ಲು ಇರುವಂತೆ ಡಿಸ್ಕಿಗೂ ವಯಸ್ಸಿನ ಗುರುತುಂಟು. ಸ್ಮಾರ್ಟ್ ಎಂಬ ಒಳದಾಖಲೆಯು, ಅದು ಎಷ್ಟು ಗಂಟೆ ದುಡಿದಿದೆ, ಎಷ್ಟು ತುಣುಕುಗಳು ಕೆಟ್ಟು ಬದಲಾಗಿವೆ ಎಂಬ ಲೆಕ್ಕವನ್ನು ಇಟ್ಟಿರುತ್ತದೆ. ಇದನ್ನೂ ತಿದ್ದುವ ಕಿಡಿಗೇಡಿಗಳಿದ್ದಾರೆ. ಸಾವಿರಾರು ಗಂಟೆ ದುಡಿದ ಡಿಸ್ಕುಗಳ ಲೆಕ್ಕವನ್ನು ಸೊನ್ನೆ ಮಾಡಿ ಹೊಸವೆಂದು ಮಾರಿದ್ದು 2025ರ ಆರಂಭದಲ್ಲಿ ಜರ್ಮನಿಯಲ್ಲಿ ಬೆಳಕಿಗೆ ಬಂದಿತು. ಒಳಗಿದ್ದ ಇನ್ನೊಂದು ದಾಖಲೆಯೇ ಗುಟ್ಟನ್ನು ಹೊರಗೆಡಹಿತು. ಗ್ರಾಫಿಕ್ಸ್ ಕಾರ್ಡುಗಳದೂ ಇದೇ ಕಥೆ. ಈಥೀರಿಯಂ ಎಂಬ ಗೂಢನಾಣ್ಯದ ಗಣಿಗಾರಿಕೆಯು 2022ರ ಸೆಪ್ಟೆಂಬರ್ 15ರಂದು ಕೊನೆಗೊಂಡಾಗ, ಹಗಲಿರುಳು ದುಡಿದ ಕಾರ್ಡುಗಳು ಪೇಟೆಗೆ ಬಂದವು. ಗಣಿಗಾರಿಕೆಯಲ್ಲಿ ದುಡಿದ ಕಾರ್ಡೆಲ್ಲ ಕೆಟ್ಟದ್ದೆಂದಲ್ಲ. ಅದನ್ನು ಮುಚ್ಚಿಟ್ಟು ಮಾರುವುದು ತಪ್ಪು.

ಮಾರುವವನು ಒಳದಾಖಲೆಯ ಚಿತ್ರ, ಯಂತ್ರವು ಚಾಲೂ ಇರುವ ಚಲಚ್ಚಿತ್ರ, ಕೊಂಡ ರಸೀತಿ ಇವನ್ನು ಮುಂದಿಡಲಿ. ಕ್ರಮಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು ಅವನಿಗೇ ರಕ್ಷೆ. ತನ್ನ ಕೆಟ್ಟ ಭಾಗವನ್ನು ಹಿಂದಿರುಗಿಸಿ 'ನೀವು ಕಳುಹಿಸಿದ್ದು ಇದೇ' ಎನ್ನುವವರೂ ಇದ್ದಾರೆ. ಆದುದರಿಂದ ಪೊಟ್ಟಣ ಕಟ್ಟುವುದನ್ನೂ ಚಿತ್ರೀಕರಿಸಬೇಕು. ಒಣಹವೆಯಲ್ಲಿ ಮನುಷ್ಯನ ಮೈಯಲ್ಲಿ ಸಾವಿರಾರು ವೋಲ್ಟಿನ ಸ್ಥಿರವಿದ್ಯುತ್ತು ಸಂಗ್ರಹವಾಗಬಲ್ಲದು. ನಮಗೆ ಚುರುಕೂ ಎನ್ನದಷ್ಟು ವಿದ್ಯುತ್ತು ಸೂಕ್ಷ್ಮಮಂಡಲವನ್ನು ಕೆಡಿಸಬಹುದಾದ್ದರಿಂದ, ಅದನ್ನು ತಡೆಯುವ ವಿಶೇಷ ಚೀಲದಲ್ಲಿಟ್ಟು ಕಳುಹಿಸಬೇಕು.

ಇಷ್ಟಾದರೂ ಮೋಸಹೋದರೆ? ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವೇನೆಂದು ಸುಮ್ಮನೆ ಕೂಡಬಾರದು. ಹಣವು ವಂಚಕನ ಖಾತೆಯಿಂದ ಮುಂದಕ್ಕೆ ಹರಿಯುವ ಮೊದಲು ಅದನ್ನು ತಡೆಹಿಡಿಯಲು ಅವಕಾಶವಿರುತ್ತದೆ. ತಡಮಾಡಿದಷ್ಟೂ ಆ ಅವಕಾಶ ಕುಗ್ಗುತ್ತದೆ. 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕೂಡಲೇ ಕರೆಮಾಡಿ, ಬ್ಯಾಂಕಿಗೂ ತಿಳಿಸಬೇಕು. ಗಣಕದ ನೆರವಿನಿಂದ ವೇಷಮರೆಸಿ ವಂಚಿಸುವವನಿಗೆ 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 66 ಡಿ ಪ್ರಕರಣವು ಮೂರು ವರ್ಷಗಳವರೆಗೆ ಸೆರೆಮನೆಯನ್ನು ವಿಧಿಸುತ್ತದೆ. ಆದರೆ ದೂರು ಬಾರದೆ ಕಾನೂನು ಕೈಚಾಚಲಾರದು. ನಾಲ್ಕು ಜನ ನಗುವರೆಂಬ ನಾಚಿಕೆಯಿಂದ ಬಾಯಿ ಮುಚ್ಚಿಕೊಂಡವನು, ನಾಳೆ ಅದೇ ಬಲೆಗೆ ಬೀಳುವ ಇನ್ನೊಬ್ಬನಿಗೆ ಅನ್ಯಾಯ ಮಾಡಿದಂತಾಗುತ್ತದೆ.

ಮನೆಯಲ್ಲಿ ಬಳಸದೆ ಬಿದ್ದಿರುವ ಗಣಕಭಾಗಗಳನ್ನು ಈ ತಿಂಗಳೇ ಹೊರತೆಗೆದು ಪರೀಕ್ಷಿಸುವಂತೆ ವಾಚಕರನ್ನು ನಾವು ಪ್ರಾರ್ಥಿಸುತ್ತೇವೆ. ನಡೆಯುವುದನ್ನು ಒರಸಿ, ಗುಣದೋಷಗಳನ್ನು ಬರೆದು, ನ್ಯಾಯವಾದ ಬೆಲೆಗೆ ಮಾರಿರಿ. ನಡೆಯದ್ದನ್ನು ಅಧಿಕೃತ ವಿದ್ಯುನ್ಮಾನ ತ್ಯಾಜ್ಯ ಸಂಗ್ರಾಹಕರಿಗೆ ಒಪ್ಪಿಸಿರಿ. ಎಲ್ಲಿಯೋ ಒಂದು ಮನೆಯಲ್ಲಿ ಒಬ್ಬ ಹುಡುಗ ಅಥವಾ ಹುಡುಗಿ ಅದೇ ಭಾಗವಿಲ್ಲದೆ ತನ್ನ ಮೊದಲ ಗಣಕವನ್ನು ಪೂರ್ತಿಮಾಡಲಾರದೆ ಕಾಯುತ್ತಿರಬಹುದು.