ದೂರವೂ ಕಾಲವೂ

2021ನೆಯ ಇಸವಿಯ ಜನವರಿಯಲ್ಲಿ ಏರ್ ಇಂಡಿಯಾ ಸಂಸ್ಥೆಯ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಿಂದ ಹೊರಟು, ನಡುವೆ ಎಲ್ಲಿಯೂ ಇಳಿಯದೆ ನೇರವಾಗಿ ಬೆಂಗಳೂರನ್ನು ಸೇರಿದ ವೃತ್ತಾಂತವು ವಾಚಕರ ನೆನಪಿನಲ್ಲಿರಬಹುದು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರೂ ಜೊತೆಗಿದ್ದ ಇತರ ಚಾಲಕರೂ ಎಲ್ಲರೂ ಸ್ತ್ರೀಯರೇ. 9ನೆಯ ತಾರೀಖಿನ ರಾತ್ರಿ ಅಲ್ಲಿಂದ ಹೊರಟ ವಿಮಾನವು 11ನೆಯ ತಾರೀಖಿನ ಬೆಳಗಿನ ಜಾವ ಇಲ್ಲಿ ಇಳಿಯಿತು.

ಈ ವರ್ತಮಾನವನ್ನು ಓದಿಸಿ ಕೇಳಿದ ನಮ್ಮ ನೆರೆಮನೆಯ ವೃದ್ಧೆಯೊಬ್ಬರು ಚಿಂತೆಯಿಂದ ನನ್ನಲ್ಲಿಗೆ ಬಂದರು. ಅವರ ಒಬ್ಬನೇ ಮಗನು ಆ ಊರಿನಲ್ಲಿದ್ದಾನೆ. "ಮೇಷ್ಟ್ರೇ, ನೇರವಾಗಿ ಬಂದರೂ ಎರಡು ದಿನ ಹಿಡಿಯಿತಂತೆ. ನನಗೇನಾದರೂ ಆದರೆ ಅವನು ಬಂದು ಮುಖ ನೋಡುವುದು ಯಾವಾಗ?" ಎಂದರು.

"ಅಮ್ಮಾ, ಎರಡು ದಿನವೆಂಬುದು ತಾರೀಖಿನ ಲೆಕ್ಕ, ಪ್ರಯಾಣದ ಲೆಕ್ಕ ಬೇರೆ" ಎಂದು ಹೇಳಿ ಅವರನ್ನು ಕೂಡಿಸಿದೆನು. ಚಳಿಗಾಲದಲ್ಲಿ ನಮ್ಮ ಗಡಿಯಾರವು ಆ ಊರಿನ ಗಡಿಯಾರಕ್ಕಿಂತ 13½ ಗಂಟೆ ಮುಂದಿರುತ್ತದೆ. ಬೇಸಗೆಯಲ್ಲಿ 12½ ಗಂಟೆ. ಅಲ್ಲಿ 9ನೆಯ ತಾರೀಖಿನ ರಾತ್ರಿ ಎಂಟೂವರೆಯಾದಾಗ ಇಲ್ಲಿ 10ನೆಯ ತಾರೀಖಿನ ಬೆಳಿಗ್ಗೆ ಹತ್ತು ಗಂಟೆ. ಅಲ್ಲಿಂದ ಮರುದಿನದ ಬೆಳಗಿನ ಜಾವಕ್ಕೆ ಎಣಿಸಿದರೆ ಸುಮಾರು 17 ಗಂಟೆಗಳ ಪ್ರಯಾಣ ಮಾತ್ರ.

ಬಳಿಕ ಮೊಮ್ಮಗಳ ಶಾಲೆಯ ಭೂಗೋಳವನ್ನು ತರಿಸಿ, ಎರಡು ನಗರಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿದು ತೋರಿಸಿದೆನು. ಗೋಡೆಯ ಭೂಪಟದಲ್ಲಿ ಪೂರ್ವಸಮುದ್ರದ ಮೇಲೆ ಕಾಣುವ ಸರಳರೇಖೆಯು ಸುಮಾರು 16,000 ಕಿಲೋಮೀಟರ್. ದಾರವಾದರೋ ಹಿಮಾಲಯ, ಸೈಬೀರಿಯ, ಅಲಾಸ್ಕಗಳ ಮೇಲೆ ಹಾದು 14,000 ಕಿಲೋಮೀಟರಿಗೇ ಮುಗಿಯುತ್ತದೆ. ಭೂಮಿಯು ಕದಂಬಪುಷ್ಪದಂತೆ ದುಂಡಾಗಿದೆಯೆಂದು ಆರ್ಯಭಟನು ಹೇಳಿದ್ದಾನಷ್ಟೆ. ಅದರ ಫಲವೇ ಇದು. ಆ ವಿಮಾನವೂ ಉತ್ತರಧ್ರುವ ಪ್ರದೇಶದ ಮೇಲೆಯೇ ಹಾದುಬಂದಿತು.

ಆದರೆ ದೂರವೊಂದನ್ನೇ ತಿಳಿದರೆ ಸಾಲದು. ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿ ಬೀಸುತ್ತಿರುತ್ತದೆ. ಅದು ಬೆನ್ನಿಗಿದ್ದರೆ ಕಾಲವು ಉಳಿಯುವುದು, ಎದುರಾದರೆ ಹೆಚ್ಚುವುದು. ಆದಕಾರಣ ಒಂದೇ ದಾರಿಯಲ್ಲಿಯೂ ಹೋಗುವ ಕಾಲವೂ ಬರುವ ಕಾಲವೂ ಸಮನಾಗಿರುವುದಿಲ್ಲ. ಗಾಳಿಯ ನೆರವಿಗಾಗಿ ಚಾಲಕರು ಕೆಲವೊಮ್ಮೆ ಸುತ್ತುದಾರಿಯನ್ನೇ ಹಿಡಿಯುವರು.

ಪರದೇಶದಲ್ಲಿ ಮಕ್ಕಳಿರುವ ಗೃಹಸ್ಥರು ಹೊರಡುವ ಮತ್ತು ಸೇರುವ ವೇಳೆಗಳೆರಡನ್ನೂ ನಮ್ಮ ಗಡಿಯಾರಕ್ಕೆ ತಿರುಗಿಸಿ ಬರೆದಿಟ್ಟುಕೊಳ್ಳಬೇಕು. ಅರ್ಧ ಆತಂಕವು ಅಲ್ಲಿಯೇ ಕಳೆಯುವುದು.

ಆ ತಾಯಿ ಎಲ್ಲವನ್ನೂ ಕೇಳಿ, "ಹಾಗಾದರೆ ಹದಿನೇಳು ಗಂಟೆ" ಎಂದರು. ಮನೆಯಿಂದ ವಿಮಾನನಿಲ್ದಾಣಕ್ಕೆ, ಇಲ್ಲಿ ಇಳಿದು ಮನೆಗೆ, ಇವನ್ನೂ ಸೇರಿಸಿದರೆ ಒಂದು ಹಗಲು ಒಂದು ರಾತ್ರಿ ಎಂದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟು ಹೊತ್ತು ಕಾಯಬಲ್ಲೆ, ಆದರೂ ಗಟ್ಟಿಯಾಗಿರುವಾಗಲೇ ಒಮ್ಮೆ ಬಂದುಹೋಗೆಂದು ಇಂದೇ ಹೇಳುತ್ತೇನೆ" ಎಂದು ಎದ್ದರು. ನಾನು ಹೇಳಿದ ಲೆಕ್ಕಕ್ಕಿಂತ ಅವರ ಲೆಕ್ಕವೇ ಮೇಲೆಂದು ನನಗೆ ತೋರಿತು.