ಬೋಟ್ ನೋಡೋದಾದ್ರ ನೀರಿನ ಕಡಿಂದ ನೋಡ್ರಿ

ಮಿಶಿಗನ್‌ನಾಗಿರೋ ನಮ್ಮ ಮಗಗ ಈ ವರ್ಷ ಬೋಟಿನ ಹುಚ್ಚು ಹಿಡದದ. ಇಲ್ಲೆ ಸಾವಿರಗಟ್ಟಲೆ ಕೆರಿ ಅವ, ಓಣ್ಯಾಗ ಕಾರಿನ ಬಾಜೂಕ ಬೋಟ್ ನಿಂತಿರ್ತಾವ. ನಾವು ಬಂದ ಎರಡನೇ ವಾರಕ್ಕ ಮನಿಮಂದಿ ಎಲ್ಲಾ ಕೂಡಿ ಒಂದು ಸೆಕೆಂಡ್ ಹ್ಯಾಂಡ್ ಬೋಟ್ ನೋಡ್ಲಿಕ್ಕೆ ಹೋದ್ವಿ. 18 ಫೂಟಿಂದು, ಹಿಂದ ಮೋಟಾರ್ ಇದ್ದದ್ದು.

ಮಾರಾವ ಸ್ಪೀಕರ್ ತೋರಿಸಿದಾ, ಕಪ್ ಇಡೋ ತೂತು ತೋರಿಸಿದಾ, ಸೀಟಿನ ಹೊಲಿಗಿ ತೋರಿಸಿದಾ. ನಾ ಬೋಟಿನ ಹಿಂದ ಹೋಗಿ ನೆಲದ ಮ್ಯಾಲೆ ನಿಂತು, "ನಾ ನೀರಾಗ ಬಿದ್ದೀನಿ ಅಂತ ತಿಳ್ಕೊ. ಈಗ ಮ್ಯಾಲೆ ಹೆಂಗ ಹತ್ತಲಿ?" ಅಂತ ಮಗನ್ನ ಕೇಳಿದೆ. ನಿಚ್ಚಣಿಕಿ ಇತ್ತು. ಆದ್ರ ಮಡಚಿ ಪಟ್ಟಿ ಬಿಗದಿದ್ರು, ಆ ಪಟ್ಟಿ ಬಿಚ್ಚಬೇಕಂದ್ರ ಬೋಟಿನ ಒಳಗಿರಬೇಕು. ಒಳಗಿದ್ದವರಿಗೆ ನಿಚ್ಚಣಿಕಿ ಯಾಕ ಬೇಕ್ರಿ?

"ಅಮ್ಮಾ, ನಿಂಗ ಈಸ್ಲಿಕ್ಕೆ ಬರ್ತದಲ್ಲ" ಅಂದ. ಬರ್ತದ. ಸಣ್ಣಾಕಿದ್ದಾಗ ಬಾವ್ಯಾಗ ಸೋರೆಬುರಡಿ ಕಟಗೊಂಡು ಕಲತಾಕಿ ನಾನು. ಬಾವಿಗೆ ಪಾವಟಿಗಿ ಇದ್ದುವು, ಹತ್ತಿ ಬಂದ್ವಿ. ಮತ್ತ ಇಲ್ಲೆ ಮೇ ತಿಂಗಳದಾಗೂ ನೀರು ಕೊರಿತಿರ್ತದ. ಬಿದ್ದ ಕೂಡ್ಲೆ ಉಸಿರು ಗಕ್ಕನ ಎಳಿತದ, ಸ್ವಲ್ಪ ಹೊತ್ತಿಗೆ ಕೈಬಟ್ಟು ಮಾತು ಕೇಳಂಗಿಲ್ಲ.

ಇನ್ನ ಆ ಕೆಂಪು ಸುರುಳಿ ದಾರ. ಓಡಸಾವ ಅದನ್ನ ಮೈಗೆ ಸಿಗಿಸ್ಕೊಂಡಿದ್ರ, ಅವ ನೀರಿಗೆ ಬಿದ್ದ ಕೂಡ್ಲೆ ದಾರ ಕಿತ್ತು ಎಂಜಿನ್ ಬಂದ್ ಆಗ್ತದ. ಇಲ್ಲಾಂದ್ರ ಹಿಡಿಯೋರಿಲ್ಲದ ಬೋಟ್ ಗರಗರ ಸುತ್ತು ಹೊಡದು ಬಿದ್ದವನ ಮ್ಯಾಲೆನ ಬರಬಹುದು, ಹಿಂದ ತಿರುಗೋ ಪಂಖಾ ಸಮೇತ. ಕೋಸ್ಟ್ ಗಾರ್ಡ್ ನೋಡ್ಕೊಳ್ಳೋ ನೀರಿನಾಗ, 26 ಫೂಟಿಗಿಂತ ಸಣ್ಣ ಬೋಟನ್ನ ಜೋರಾಗಿ ಓಡಸೋವಾಗ ಸಿಗಿಸ್ಕೋಬೇಕು ಅಂತ 2021ರ ಏಪ್ರಿಲ್‌ನಿಂದ ಕಾನೂನ ಅದ. ನಮ್ಮ ಮಾರಾವ ಅದನ್ನ ಡ್ರಾವರ್ ತುಂಬ ಹುಡಿಕಿ ತಗದಾ. ಎಷ್ಟು ವರ್ಷ ಅಲ್ಲೇ ಮಲಗಿತ್ತೊ!

ಒಳಗ ಪಟ್ಟಿ ಮ್ಯಾಲೆ 7 ಮಂದಿ, ಇಷ್ಟು ಪೌಂಡು ಅಂತ ಬರದಿತ್ತು. ನಮ್ಮನಿಯವರು ಅದನ್ನ ಟಂಟಂ ಲೆಕ್ಕದಾಗ ಓದಿ, "ಇನ್ನಿಬ್ರು ಆರಾಮ ಕೂಡ್ತಾರ" ಅಂದ್ರು. ಅವರ ಜೋಡಿ ನಾ ವಾದ ಮಾಡ್ಲಿಲ್ಲ.

ಜಾಕೆಟ್ ವಿಷಯದಾಗ ಮಾತ್ರ ಮಗನ ಜೋಡಿ ಖರೇನ ಜಗಳಾತು. ತೆರೆದ ಬೋಟಿನಾಗ ಹಾಕ್ಕೊಂಡಿರಲೇಬೇಕು ಅಂತ ಮಿಶಿಗನ್ ಕಾನೂನ ಹೇಳೋದು ಆರು ವರ್ಷದೊಳಗಿನ ಹುಡುಗ್ರಿಗೆ. ಮೊಮ್ಮಗಗ ಏಳು ಮುಗದಾವ. "ಸೀಟಿನ ಕೆಳಗ ಇಟ್ಟಿರ್ತೀವಲ್ಲ" ಅಂದ ಮಗ. ಕೆರಿಗೇನ ಅವನ ಹುಟ್ಟಿದ ತಾರೀಖು ಗೊತ್ತಿರ್ತದೇನು? ಇಲ್ಲೆ ಬೋಟಿನ ಅಪಘಾತದಾಗ ಮುಳುಗಿ ಸತ್ತವರಾಗ ಹತ್ತಕ್ಕ ಎಂಟು ಮಂದಿಗಿಂತ ಹೆಚ್ಚು ಜಾಕೆಟ್ ಹಾಕ್ಕೊಂಡಿರಂಗಿಲ್ಲ ಅಂತ ಕೋಸ್ಟ್ ಗಾರ್ಡಿನವರ ಲೆಕ್ಕ ಹೇಳ್ತದ. ಅವರ ಬೋಟಿನಾಗೂ ಸೀಟಿನ ಕೆಳಗ ಇದ್ದುವೇನೊ. ಮತ್ತ ಹುಡುಗರಿಗೆ ಅವರ ತೂಕದ್ದ ಬೇಕು. ಹಾಕಿ, ಭುಜಾ ಹಿಡದು ಮ್ಯಾಲೆ ಎತ್ತಿದ್ರ ಗದ್ದ ದಾಟಿ ಬರಬಾರದು.

ಬೋಟ್ ಇನ್ನೂ ತೊಗೊಂಡಿಲ್ಲ. ನಿಚ್ಚಣಿಕಿ ಬದಲಿಸಿ ಕೊಡ್ತೀನಿ ಅಂದಾನ ಮಾರಾವ. ಮಗ ನನ್ನ ಜೋಡಿ ಅಷ್ಟಕ್ಕಷ್ಟ ಮಾತಾಡ್ತಾನ. ಜಾಕೆಟ್ ಮಾತ್ರ ನಿನ್ನೆ ಬಂದಾವ. ಐದು. ಅದರಾಗ ಒಂದು ಸಣ್ಣದು.