ಹುಲ್ಲುಗಾವಲಿನ ಪೊದೆಗೆ ಕಳೆನಾಶಕ: ಬೇಕೇ, ಬೇಡವೇ?

ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಹೋರ್ನಾಡಾ ಬಯಲಿನಲ್ಲಿ 1858ರ ಭೂಮಾಪನದ ಹೊತ್ತಿಗೆ ಶೇ 90ಕ್ಕೂ ಹೆಚ್ಚು ನೆಲದಲ್ಲಿ ಒಳ್ಳೆಯ ಹುಲ್ಲಿತ್ತು. 1963ಕ್ಕೆ ಅದು ಶೇ 25ಕ್ಕಿಂತ ಕೆಳಗಿಳಿದಿತ್ತು. 1880ರ ದಶಕದಲ್ಲಿ ರೈಲು ಬಂದ ಮೇಲೆ ದನಗಳು ಮಿತಿಮೀರಿದವು, ಬರವೂ ಕಾಡಿತು. ಕಪ್ಪು ಗ್ರಾಮಾ ಹುಲ್ಲು ಅಳಿದ ಜಾಗದಲ್ಲಿ ಕ್ರಿಯೋಸೋಟ್ ಪೊದೆಯೂ ಮೆಸ್ಕೀಟೂ ಬೇರೂರಿದವು. ಕರ್ನಾಟಕದ ಬಯಲುಸೀಮೆಯನ್ನು ಆವರಿಸಿರುವ ಬಳ್ಳಾರಿ ಜಾಲಿ ಈ ಮೆಸ್ಕೀಟಿನ ಹತ್ತಿರದ ಬಂಧು. 2005ರಲ್ಲಿ ಆರಂಭವಾದ ‘ರಿಸ್ಟೋರ್ ನ್ಯೂ ಮೆಕ್ಸಿಕೋ’ ಯೋಜನೆಯಡಿ ಅಲ್ಲಿನ ವಿಶಾಲ ಪ್ರದೇಶಗಳಲ್ಲಿ ಕಳೆನಾಶಕ ಬಳಸಲಾಗಿದೆ.

ಪರ

ದನಗಳನ್ನು ಹೊರಗಿಟ್ಟರೆ ಹುಲ್ಲು ತಾನಾಗಿ ಮರಳುತ್ತದೆಂಬ ನಂಬಿಕೆ ಇಲ್ಲಿ ಹುಸಿಯಾಗಿದೆ. ಬೇಲಿ ಹಾಕಿ ದಶಕಗಳ ಕಾಲ ಕಾದರೂ ಹಲವೆಡೆ ಪೊದೆಗಳೇ ಉಳಿದವು. ಪೊದೆಗಳ ನಡುವಿನ ನೆಲ ಬೋಳಾಗಿ, ಮಳೆನೀರು ಇಂಗದೆ ಹರಿದುಹೋಗುತ್ತದೆ. ಗಾಳಿಗೆ ಹಾರಿದ ಫಲವತ್ತಾದ ಮಣ್ಣು ಪೊದೆಯ ಬುಡಕ್ಕೇ ಸೇರುತ್ತದೆ. ಒಮ್ಮೆ ನೆಲೆಯೂರಿದ ಪೊದೆ ತನಗೆ ಬೇಕಾದ ಸ್ಥಿತಿಯನ್ನು ತಾನೇ ಕಾಯ್ದುಕೊಳ್ಳುತ್ತದೆ.

ಈ ಚಕ್ರವನ್ನು ಮುರಿಯಲು ಕ್ರಿಯೋಸೋಟ್ ಪೊದೆಗೆ ಟೆಬುಥಿಯುರಾನ್ ಎಂಬ ಕಳೆನಾಶಕದ ಹರಳುಗಳನ್ನು ವಿಮಾನದಿಂದ ಉದುರಿಸುತ್ತಾರೆ. ಮಳೆಗೆ ಕರಗಿದ ಔಷಧಿ ಬೇರಿನ ಮೂಲಕ ಏರಿ, ಎಲೆ ಆಹಾರ ತಯಾರಿಸುವುದನ್ನೇ ತಡೆಯುತ್ತದೆ. ಎಲೆ ಉದುರುತ್ತದೆ, ಗಿಡ ಮತ್ತೆ ಚಿಗುರುತ್ತದೆ, ಆ ಚಿಗುರೂ ಉದುರುತ್ತದೆ. ಹೀಗೆ ಬೇರಿನ ದಾಸ್ತಾನು ಬರಿದಾಗಿ ಗಿಡ ನಿಧಾನವಾಗಿ ಸಾಯುತ್ತದೆ. ಕಡಿಮೆ ಪ್ರಮಾಣದಲ್ಲಿ ಹಾಕಿದರೆ ಬಹುವಾರ್ಷಿಕ ಹುಲ್ಲು ತಾಳಿಕೊಳ್ಳುತ್ತದೆ. ಬುಲ್ಡೋಜರಿನಂತೆ ನೆಲವನ್ನು ಕೆದಕುವುದೂ ಇಲ್ಲ. ಒಣಗಿ ನಿಂತ ಕಡ್ಡಿಗಳು ಕೆಲಕಾಲ ಗಾಳಿಗೆ ತಡೆಯಾಗುತ್ತವೆ.

ವಿರೋಧ

ಮಣ್ಣಿನಲ್ಲಿ ಬಹುಕಾಲ ಉಳಿಯುವುದೇ ಟೆಬುಥಿಯುರಾನಿನ ಶಕ್ತಿ. ಅಪಾಯವೂ ಅದರಲ್ಲೇ ಇದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಗೋಮಾಳಗಳಲ್ಲಿ ಬಳಸಿದ ಇದೇ ಔಷಧಿ ನದಿಗಳ ಮೂಲಕ ಗ್ರೇಟ್ ಬ್ಯಾರಿಯರ್ ರೀಫ್‌ನ ನೀರಿನಲ್ಲೂ ಪತ್ತೆಯಾಗಿದೆ. ಪೊದೆಯಲ್ಲಿ ಗೂಡುಕಟ್ಟುವ ಹಕ್ಕಿಗಳೂ ನೆಲೆ ಕಳೆದುಕೊಳ್ಳುತ್ತವೆ.

ಮೆಸ್ಕೀಟಿನ ವಿಷಯದಲ್ಲಿ ಫಲವೂ ಅನುಮಾನ. ಅದರ ಎಲೆಗಳ ಮೇಲೆ ಬೇರೆ ಔಷಧಿ ಸಿಂಪಡಿಸಬೇಕು. ಮೇಲ್ಭಾಗ ಸತ್ತರೂ ನೆಲದಡಿಯ ಮೊಗ್ಗುಗಳಿಂದ ಗಿಡ ಮತ್ತೆ ಏಳಬಲ್ಲದು. ಹುಲ್ಲಿನ ಬುಡಗಳೇ ಇಲ್ಲದ ಕಡೆ ಪೊದೆ ಹೋದರೂ ನೆಲ ಬೋಳಾಗಿಯೇ ಉಳಿಯುತ್ತದೆ, ಇಲ್ಲವೇ ಆಫ್ರಿಕಾದಿಂದ ತಂದ ಲೆಹ್ಮನ್ ಹುಲ್ಲು ಆಕ್ರಮಿಸುತ್ತದೆ. ವರ್ಷಕ್ಕೆ ಸುಮಾರು 250 ಮಿಲಿಮೀಟರ್ ಮಳೆ ಬೀಳುವ ನಾಡಿನಲ್ಲಿ ಎರಡು ಮುಂಗಾರು ಕೈಕೊಟ್ಟರೆ ಹಾಕಿದ ಹಣ ವ್ಯರ್ಥ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಮೇಯಿಸುವಿಕೆಯದು. ಹುಲ್ಲು ಚೇತರಿಸುವ ಮೊದಲೇ ದನಗಳನ್ನು ಬಿಟ್ಟರೆ ನೆಲ ಮತ್ತೆ ಅದೇ ದಾರಿ ಹಿಡಿಯುತ್ತದೆ. ಈ ಮಾತಿಗೆ ಪರ ವಾದದಲ್ಲಿ ಉತ್ತರವಿಲ್ಲ. ಹಾಗಾಗಿ ಹುಲ್ಲಿನ ಬುಡಗಳು ಇನ್ನೂ ಜೀವಂತವಿರುವ, ದನಗಳನ್ನು ವರ್ಷಗಟ್ಟಲೆ ದೂರವಿಡಬಹುದಾದ ಕ್ರಿಯೋಸೋಟ್ ನೆಲದಲ್ಲಿ ಮಾತ್ರ ಕಳೆನಾಶಕಕ್ಕೆ ಸಮರ್ಥನೆ ಸಿಗುತ್ತದೆ. ಮೆಸ್ಕೀಟ್ ಬೆಳೆದ ಮರಳುದಿಬ್ಬಗಳಲ್ಲಿ ಸಿಗುವುದಿಲ್ಲ.